ಬೀಜಾಡಿಯ ಕೆಂಪು ಕಾರ್ಡು

ಸಾಲಿಗ್ರಾಮದ ನಮ್ಮ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡಿ ಬೆಳೆದವರು. ಜೋರು ದನಿ ಎಂದರೆ ಜಗಳ ಎಂದೇ ನಾನು ತಿಳಿದಿದ್ದೆ. ಶಾಲೆಯಲ್ಲಿ ಆಟದ ಮಾಸ್ಟರಾಗಿ ಇಷ್ಟು ವರ್ಷ ಕಳೆದರೂ ಆ ತಿಳಿವಳಿಕೆ ಬದಲಾಗಿರಲಿಲ್ಲ. ಬೀಜಾಡಿಯ ವಾಲಿಬಾಲ್ ಸೆಮಿಫೈನಲ್‌ನಲ್ಲಿ ಅಂಪೈರ್ ಕುರ್ಚಿ ಹತ್ತಿದವನು ಆ ತಿಳಿವಳಿಕೆಯಿಂದಲೇ ಎಡವಿದೆ.

ಕಡಲಿಗೆ ಹೋಗುವವರ ತಂಡ ಒಂದು ಕಡೆ, ಹೊಳೆಬದಿಯ ಊರಿನವರು ಇನ್ನೊಂದು ಕಡೆ. ಕೊನೆಯ ಸೆಟ್ಟಿನಲ್ಲಿ ಕಡಲಿನವರು ಒಂಬತ್ತು ಐದರಿಂದ ಮುಂದಿದ್ದರು. ಅವರು ಫೈನಲ್ ಕಂಡವರೇ ಅಲ್ಲ. ಕ್ಯಾಪ್ಟನ್‌ಗೆ ಮೊಣಕಾಲು ನೋವು, ಆಡುವುದು ಇದೇ ಕೊನೆಯ ವರ್ಷ ಎಂದು ಮೊದಲೇ ಹೇಳಿಕೊಂಡಿದ್ದರು.

ಎದುರಿನವರು ಹೊಡೆದ ಚೆಂಡೊಂದು ಗೆರೆಯ ಹತ್ತಿರ ಬಿತ್ತು. ಒಳಗೆ ಎಂದೆ. ಕ್ಯಾಪ್ಟನ್ ಕುರ್ಚಿಯ ಬುಡಕ್ಕೇ ಬಂದು, "ಮಾಸ್ಟ್ರೇ, ಅದ್ ಹೊರಗ್ ಅಲ್ದಾ?" ಎಂದು ಗುಡುಗಿದರು. ನನ್ನ ಕಿವಿ ಬಿಸಿಯಾಯಿತು. ಹಿಂದೆಮುಂದೆ ನೋಡದೆ ಕೆಂಪು ಕಾರ್ಡು ಎತ್ತಿದೆ. ಎದುರಿನವರಿಗೆ ಇನ್ನೊಂದು ಪಾಯಿಂಟು ಪುಕ್ಕಟೆ ಸಿಕ್ಕಿತು.

ಪಾಯಿಂಟು ಹೋದದ್ದು ದೊಡ್ಡದಲ್ಲ, ಕ್ಯಾಪ್ಟನ್ ಬಾಯಿ ಮುಚ್ಚಿಬಿಟ್ಟರು. ಅಲ್ಲಿಯವರೆಗೆ ಅವರ ಕೂಗಿನ ಮೇಲೇ ತಂಡ ಓಡುತ್ತಿತ್ತು. ಈಗ ಯಾರ ಚೆಂಡು ಯಾರು ತೆಗೆಯಬೇಕೆಂದು ಗೊತ್ತಾಗದೆ ಇಬ್ಬರಿಬ್ಬರು ಡಿಕ್ಕಿ ಹೊಡೆದುಕೊಂಡರು. ನೋಡನೋಡುತ್ತಿದ್ದಂತೆ ಎದುರಿನವರು ಹತ್ತಕ್ಕೆ ಮುಟ್ಟಿದರು, ಇವರು ಒಂಬತ್ತರಲ್ಲೇ ನಿಂತರು.

ಕಡಲಿನವರು ಟೈಮ್ ಔಟ್ ಕೇಳಿದರು. ಕ್ಯಾಪ್ಟನ್ ಗೆರೆಯಾಚೆ ಕೂತಿದ್ದ ಹೆಂಡತಿಯ ಹತ್ತಿರ ಹೋದರು. ನಡುವೆ ಒಂದು ಗೇಣು ಅಂತರ. "ಹ್ವಾಯ್, ನೀರಿನ್ ಬಾಟ್ಲಿ ಕೊಡ್ ಕಾಂಬ" ಎಂದರು, ಅದೇ ಗುಡುಗಿನಲ್ಲಿ. ಆಕೆ ಬೆಚ್ಚಲಿಲ್ಲ, ಬಾಟ್ಲಿ ಕೊಟ್ಟರು.

ಕೆಳಗಿದ್ದ ಎರಡನೇ ಅಂಪೈರ್ ನನ್ನ ಮುಖ ನೋಡಿದ. "ಅವ್ರ್ ಮಾತಾಡುದೇ ಹಾಂಗೆ ಮಾಸ್ಟ್ರೇ. ಬೋಟಿನ್ ಎಂಜಿನ್ ಶಬ್ದದಗೆ ಮಾತಾಡಿ ರೂಢಿ. ಅದ್ ಬೈದದ್ದಲ್ಲ."

ನನಗೆ ನಾಚಿಕೆಯಾಯಿತು. ಒಬ್ಬ ಮನುಷ್ಯನ ಕೊನೆಯ ಆಟವನ್ನು ನನ್ನ ಮೆತ್ತಗಿನ ಕಿವಿ ಹಾಳುಮಾಡಿತ್ತು. ಕುರ್ಚಿಯಿಂದ ಬಗ್ಗಿ ಕ್ಯಾಪ್ಟನ್‌ರನ್ನು ಕರೆದು ಪಿಸುಗುಟ್ಟಿದೆ. "ತಪ್ಪಾಯ್ತು. ಪಾಯಿಂಟು ವಾಪಸು ಕೊಡಲು ಬರುವುದಿಲ್ಲ. ನಿಮ್ಮವರಿಗೆ ಎಷ್ಟು ಬೇಕಾದರೂ ಕೂಗಿ ಹೇಳಿ, ಅದಕ್ಕೆ ಕಾರ್ಡಿಲ್ಲ." ಅವರು ತಲೆಯಾಡಿಸಿ ಹೋದರು.

ಆಟ ಶುರುವಾದ ಕೂಡಲೇ ಎದುರಿನವನ ತೋಳು ನೆಟ್ಟಿಗೆ ತಾಗಿದಂತೆ ಕಂಡಿತು. ವಿಸಿಲ್ ಬಾಯಲ್ಲೇ ಇತ್ತು. ನಿಜಕ್ಕೂ ತಾಗಿತೇ, ತಾಗಲಿ ಎಂದು ನನಗೆ ಆಸೆಯೇ? ಊದಲಿಲ್ಲ. ಒಂದು ತಪ್ಪಿಗೆ ಇನ್ನೊಂದನ್ನು ತೇಪೆ ಹಾಕಿದರೆ ಎದುರಿನವರು ಮಾಡಿದ ಪಾಪವಾದರೂ ಏನು? ಆ ಪಾಯಿಂಟೂ ಅವರಿಗೇ ಹೋಯಿತು.

ಆಮೇಲೆ ಕ್ಯಾಪ್ಟನ್ ಬಾಯಿ ತೆಗೆದರು. ನಿಂತುಹೋದ ಎಂಜಿನ್ ಸ್ಟಾರ್ಟ್ ಆದ ಹಾಗೆ ತಂಡಕ್ಕೆ ಜೀವ ಬಂತು. ಒಂದೊಂದೇ ಪಾಯಿಂಟು ಎಳೆದು ತಂದು ಹದಿನೈದು ಹದಿಮೂರಕ್ಕೆ ಗೆದ್ದರು. ನಾನು ಬದುಕಿದೆ ಅಂದುಕೊಂಡೆ. ಆದರೂ ಕ್ಯಾಪ್ಟನ್ ಮುಖ ನೋಡಲು ಧೈರ್ಯ ಬರಲಿಲ್ಲ.

ಕುರ್ಚಿಯಿಂದ ಇಳಿದಾಗ ಕ್ಯಾಪ್ಟನ್ ಬಂದು ಕೈ ಹಿಡಿದರು. ಬೇಸರವಿಲ್ಲವಲ್ಲ ಎಂದು ಕೇಳಿದೆ.

"ಬೇಜಾರ್ ಎಂತಕ್ಕೆ ಮಾಸ್ಟ್ರೇ. ಆದ್ರೆ ಕಾರ್ಡ್ ತೋರ್ಸಿದ್ದ್ ಊರಿಗೆಲ್ಲ ಕಂಡಿತ್. ತಪ್ಪಾಯ್ತ್ ಅಂದದ್ದ್ ನನ್ನೊಬ್ನ ಕೆಮಿಗೆ ಮಾತ್ರ ಕೇಂಡದ್ದ್."

ನಿಜ, ಅವರ ಕಿವಿಯಲ್ಲಷ್ಟೇ ಪಿಸುಗುಟ್ಟಿದ್ದೆ. ಮತ್ತೆ ಕುರ್ಚಿ ಹತ್ತಿದೆ. ಹೋಗಲು ಎದ್ದವರೆಲ್ಲ ತಿರುಗಿ ನೋಡಿದರು. "ಆ ಕೆಂಪು ಕಾರ್ಡು ನನ್ನ ತಪ್ಪು. ಇವರು ಯಾರನ್ನೂ ಬೈದಿಲ್ಲ" ಎಂದು ಗಂಟಲು ಹರಿಯುವಂತೆ ಕೂಗಿದೆ. ದನಿ ಅರ್ಧದಲ್ಲೇ ಒಡೆಯಿತು. ಜನ ನಕ್ಕರು, ಕ್ಯಾಪ್ಟನ್ನೂ ನಕ್ಕರು. ಅವರು ಗೆದ್ದಾಗಲೂ ಸಿಗದಿದ್ದ ನಿರಾಳ ನನಗೆ ಆಗ ಸಿಕ್ಕಿತು.