ಊರಿಗೆ ಹೋದ ಅಪ್ಪ ಅಮ್ಮ

ಆಗೆಲ್ಲ ನಮ್ಮ ಬಾಗಲಗುಂಟೆಯ ವಠಾರದಲ್ಲಿ ಸಂಜೆಯಾದರೆ ಎರಡು ವಾಸನೆ ಬರುತ್ತಿತ್ತು. ಫ್ಯಾಕ್ಟರಿಯಿಂದ ಬಂದ ಗಂಡಸರ ಬಟ್ಟೆಯದು ಮಿಷನ್ ಎಣ್ಣೆ, ಚಳಿಗಾಲವಾದರೆ ಒಲೆಗಳ ಕಡೆಯಿಂದ ಅವರೆಕಾಯಿ ಸೊಗಡು. ನನ್ನ ಸ್ವಂತ ಬಾಲ್ಯದ ಬಗ್ಗೆ ಹೇಳಲು ಏನೂ ಇಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ದನ ಕಾಯಲು ಕಳಿಸಿದರು, ಅಲ್ಲಿಗೆ ಮುಗಿಯಿತು. ನನಗೆ ನೆನಪಿರುವ ಬಾಲ್ಯ ಮೊಮ್ಮಗಳು ಸಿಂಚನಳದು. ಅದರಲ್ಲೂ ಅವಳಿಗೆ ಹತ್ತು ವರ್ಷವಾಗಿದ್ದಾಗಿನ ಒಂದು ಅವರೆಕಾಯಿ ಕಾಲ.

ಅವಳು ತೊಟ್ಟಿಲಲ್ಲಿದ್ದಾಗಲೇ ಅವಳಪ್ಪ ಲಾರಿಗೆ ಸಿಕ್ಕಿ ಸತ್ತಿದ್ದ. ಅಮ್ಮ ಮಂಜುಳ ನನ್ನ ಒಬ್ಬಳೇ ಮಗಳು. ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರು ಹೊಲಿಯುತ್ತಿದ್ದವಳು ಆ ವರ್ಷ ಕಿಡ್ನಿ ಕೈಕೊಟ್ಟು ಮಂಚ ಹಿಡಿದಿದ್ದಳು. ಆಸ್ಪತ್ರೆಗೆ ಹೋಗಿ ಮಿಷನ್ನಿನಲ್ಲಿ ರಕ್ತ ಸೋಸಿಸಿಕೊಂಡು ಬರಬೇಕು. ಬಂದ ದಿನ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಮಾರನೇ ದಿನ ಒಂದಿಷ್ಟು ನಗುತ್ತಿದ್ದಳು.

ನಾನು ಪಾತ್ರೆ ತೊಳೆಯುತ್ತಿದ್ದ ಅಪಾರ್ಟ್‌ಮೆಂಟಿನ ಮೇಡಂ ಒಂದು ಚೀಲ ಇಂಗ್ಲಿಷ್ ಪುಸ್ತಕ ಕೊಟ್ಟರು. ಅವರ ಮಗಳು ಓದಿ ಬಿಟ್ಟದ್ದು. ಎಲ್ಲದಕ್ಕೂ ಕಪ್ಪು ರಟ್ಟು, ಎಲ್ಲದರಲ್ಲೂ ಒಂದೇ ಕತೆ ಮುಂದುವರಿಯುತ್ತದಂತೆ. ಸಂಜೆ ನಾನು ನೆನೆಸಿದ ಅವರೆಕಾಳನ್ನು ಸಿಪ್ಪೆಯಿಂದ ಇದುಕುತ್ತಾ ಕೂತರೆ ಸಿಂಚನ ಒಂದೊಂದೇ ಪುಟ ಮನಸ್ಸಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದಳು. ಮಂಜುಳ ಮಂಚದ ಮೇಲಿಂದಲೇ ಕೇಳುತ್ತಿದ್ದಳು.

ಅಕ್ಕ, ತಮ್ಮ ಇಬ್ಬರು ಮಕ್ಕಳ ಕತೆ ಅದು. ಆ ದೇಶದ ದೊರೆಸಾನಿ ತಬ್ಬಲಿ ಮಕ್ಕಳ ನೆರಳನ್ನು ಕತ್ತರಿಸಿ ತನ್ನ ದೀಪಕ್ಕೆ ಎಣ್ಣೆ ಮಾಡಿಕೊಳ್ಳುತ್ತಾಳೆ. ನೆರಳು ಹೋದ ಮಗು ಒಣಗಿ ಸಾಯುತ್ತದೆ. ಮಕ್ಕಳು ಓದುವ ಪುಸ್ತಕದಲ್ಲಿ ಇಂಥದನ್ನೆಲ್ಲ ಯಾಕೆ ಬರೆಯುತ್ತಾರೋ.

"ಅವರಪ್ಪ ಅಮ್ಮ ಇಬ್ರೂ ಸತ್ತೋಗಿದ್ದಾರೆ ಅಜ್ಜಿ," ಅಂತ ಮೊದಲ ದಿನವೇ ಶುರುಮಾಡಿದಳು.

ದೀಪ ಹಚ್ಚುವ ಹೊತ್ತಿನಲ್ಲಿ ಅಸ್ತು ದೇವತೆಗಳು ತಿರುಗಾಡುತ್ತಿರುತ್ತಾರೆ, ಆಡಿದ ಮಾತಿಗೆ ಅಸ್ತು ಅಂದುಬಿಟ್ಟರೆ ಅದು ಹಾಗೇ ಆಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಕಾಯಿಲೆಯವಳು ಮಲಗಿರುವ ಮನೆಯಲ್ಲಿ ಆಡುವ ಮಾತೇ ಇದು?

"ಸತ್ತೋದ್ರು ಅನ್ಬ್ಯಾಡ ಕಣೆ. ಊರಿಗೋಗವ್ರೆ ಅನ್ನು."

"ಬುಕ್ಕಲ್ಲಿ ಸತ್ತೋದ್ರು ಅಂತಾನೇ ಇದೆ."

"ಇದ್ರೆ ಇರ್ಲಿ. ಬುಕ್ಕು ಬರ್ದೋನು ನಿನ್ನ ಸ್ಕೂಲಿಗೆ ಬಂದು ಕೇಳ್ತಾನಾ?"

"ಅಪ್ಪ ಅಮ್ಮ ಇದ್ರೆ ದೊರೆಸಾನಿಗೆ ನೆರಳು ಕತ್ತರಿಸೋಕೇ ಆಗಲ್ಲ ಅಜ್ಜಿ. ಕತೇನೇ ನಿಂತೋಗುತ್ತೆ."

"ಊರು ದೂರ ಅನ್ನು. ಬಸ್ಸು ಸಿಕ್ಲಿಲ್ಲ ಅನ್ನು."

ಮಂಜುಳ ಮಂಚದಿಂದ ಕೇಳಿದಳು, "ಅವ್ವಾ, ಮಕ್ಕಳನ್ನ ಬಿಟ್ಟು ಅಷ್ಟು ದಿನ ಊರಲ್ಲಿ ಏನ್ಮಾಡ್ತಾವ್ರೆ? ರಾಗಿ ಕುಯ್ತಾವ್ರಾ?" ಕೇಳಿ ತಾನೇ ನಕ್ಕಳು. ಸಿಂಚನಳೂ ನಕ್ಕಳು. ನಾನು ನಗಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಆ ಕತೆ ಹಾಗೇ ನಡೆಯಿತು. ಮಕ್ಕಳಿಗೆ ಜಾಗ ಕೊಟ್ಟ ಸೋದರತ್ತೆ ಊರಿಗೆ ಹೋದಳು. ಬ್ರೆಡ್ಡು ಕೊಟ್ಟ ಕುರುಡ ಊರಿಗೆ ಹೋದ. ದೋಣಿಯಲ್ಲಿ ಬಚ್ಚಿಟ್ಟು ದಾಟಿಸಿದ ಮುದುಕನೊಬ್ಬನಿದ್ದ, ಅವನನ್ನು ಕಂಡರೆ ಸಿಂಚನಳಿಗೆ ಬಲು ಪ್ರೀತಿ. ಒಂದು ಸಂಜೆ ಪುಸ್ತಕ ಮಡಿಸಿ, "ಅವನೂ ಊರಿಗೆ ಹೋಗ್ಬಿಟ್ಟ," ಅಂದು ಲಂಗದಲ್ಲಿ ಮುಖ ಒರೆಸಿಕೊಂಡಳು. ಸಾರಿಗೆ ಒಗ್ಗರಣೆ ಹಾಕಿದ್ದೆ. ಆವತ್ತು ಅವಳು ಊಟ ಮಾಡಲಿಲ್ಲ.

ಮಂಜುಳಳ ಕಾಲು ಊದಿಕೊಳ್ಳುತ್ತಾ ಬಂತು. ಒಂದು ದಿನ ಮಗಳನ್ನು ಕರೆದು ಕೇಳಿದಳು, "ಕೊನೇಗೆ ಆ ಮಕ್ಕಳು ಏನಾಯ್ತವೆ?"

"ಗೊತ್ತಿಲ್ಲಮ್ಮ. ಇನ್ನೂ ಎರಡು ಬುಕ್ಕಿದೆ."

"ಕೊನೇ ಹಾಳೆ ನೋಡೇಳು."

"ಹಂಗೆಲ್ಲ ನೋಡ್ಬಾರ್ದು. ಮಜಾ ಹೋಗುತ್ತೆ."

"ಹಂಗಾದ್ರೆ ಬೇಗ ಬೇಗ ಓದು ಮಗಾ," ಅಂದಳು ಮಂಜುಳ. ಇದುಕಿದ ಬೇಳೆ ಜಾಸ್ತಿಯಾಗಿದೆ, ಪಕ್ಕದ ಮನೆಗೆ ಕೊಟ್ಟು ಬರುತ್ತೇನೆ ಅಂತ ಸುಳ್ಳು ನೆಪ ಹೇಳಿ ನಾನು ಎದ್ದು ಹೊರಗೆ ಹೋದೆ.

ಮಗು ಬೇಗ ಬೇಗ ಓದಿತು. ಆಟಕ್ಕೆ ಹೋಗುವುದು ಬಿಟ್ಟಿತು. ಬೀದಿಯಲ್ಲಿ ಕುಂಟೆಬಿಲ್ಲೆ ಆಡುವ ಹುಡುಗಿಯರು ಕೂಗಿ ಕೂಗಿ ಸುಮ್ಮನಾದರು. ಆದರೂ ಮುಗಿಯಲಿಲ್ಲ. ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಆಸ್ಪತ್ರೆಯ ಮಿಷನ್ನಿಗೆ ಹಾಕಿದ್ದಾಗಲೇ ಮಂಜುಳಳ ಎದೆ ನಿಂತಿತು. ನಾನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

ನಮ್ಮಲ್ಲಿ ಮಕ್ಕಳಿಗೆ ಸಾವಿನ ಸುದ್ದಿ ಹೇಳುವುದಿಲ್ಲ. ಪಕ್ಕದ ಮನೆಯಲ್ಲಿ ಕೂರಿಸಿ ತಿಂಡಿ ಕೊಟ್ಟು ಏನೋ ಒಂದು ಹೇಳುತ್ತಾರೆ. ನಾನು ಹೆಣದ ಜೊತೆ ಬರುವಷ್ಟರಲ್ಲಿ ವಠಾರದ ಓನರು ಗಂಗಮ್ಮ ಸಿಂಚನಳನ್ನು ಮಹಡಿಯ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ನಾನು ಮೇಲೆ ಹೋದಾಗ ಅವಳು ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು.

"ಅಜ್ಜಿ, ಅಮ್ಮ ಊರಿಗೆ ಹೋಗಿದ್ದಾಳಂತೆ. ಆಂಟಿ ಹೇಳಿದ್ರು."

ಗಂಗಮ್ಮನಿಗೆ ನಮ್ಮ ಕತೆಯ ವಿಷಯ ಏನೂ ತಿಳಿಯದು. ಎಲ್ಲರೂ ಹೇಳುವುದನ್ನೇ ಅವರೂ ಹೇಳಿದ್ದರು. ಹೂಂ ಅನ್ನಿ ಅಂತ ಹಿಂದಿನಿಂದ ನನಗೆ ಕಣ್ಸನ್ನೆ ಮಾಡಿದರು.

"ಆ ಮುದುಕ ಹೋದ್ನಲ್ಲ, ಅಲ್ಲಿಗಾ?" ಅಂತ ಕೇಳಿದಳು ಸಿಂಚನ.

"ಹೂಂ. ಅಲ್ಲಿಗೇ."

ತಟ್ಟೆ ಸರಿಸಿ ಕೈ ತೊಳೆದುಕೊಂಡು ಬಂದು ಮತ್ತೆ ಅದೇ ಜಾಗದಲ್ಲಿ ಕೂತಳು. ಅಳಲಿಲ್ಲ. ಗಂಗಮ್ಮ ನನ್ನ ಕಿವಿಯಲ್ಲಿ, "ಸದ್ಯ, ಮಗೀಗೆ ಏನೂ ಗೊತ್ತಾಗ್ಲಿಲ್ಲ ಕಣ್ರೀ," ಅಂದರು.

ಅಸ್ತು ದೇವತೆಗಳು ಇದ್ದಾರೋ ಇಲ್ಲವೋ ನನಗೆ ತಿಳಿಯದು. ಆ ಮಾತು ಆಡದಂತೆ ಅಷ್ಟೆಲ್ಲ ಬಾಯಿ ಕಟ್ಟಿದೆವು, ಆಗುವುದು ಆಯಿತು. ತಿಥಿ ಮುಗಿದ ಮೇಲೆ, ಉಳಿದ ಕೊನೇ ಪುಸ್ತಕ ಓದು ಅಂತ ನಾನೇ ಹೇಳಿದೆ.

"ಬೇಡ. ಅದ್ರಲ್ಲಿ ಏನಿದೆ ಅಂತ ಗೊತ್ತು," ಅಂದಳು.

"ಓದ್ದೆ ಎಂಗ್ ಗೊತ್ತಾಯ್ತದೆ?"

"ಗೊತ್ತು."

ಮುಂದೆ ಯಾವ ಕತೆಯನ್ನೂ ಅವಳು ಓದಲಿಲ್ಲ, ನನಗೆ ಹೇಳಲೂ ಇಲ್ಲ. ಸ್ಕೂಲಿನ ಪಾಠ ಮಾತ್ರ ಓದಿದಳು.

ಈಗ ಆ ವಠಾರ ಇಲ್ಲ. ಒಡೆದು ನಾಲ್ಕು ಮಹಡಿ ಎಬ್ಬಿಸಿದ್ದಾರೆ. ನಾವು ಚಿಕ್ಕಬಾಣಾವರದಲ್ಲಿ ಒಂದು ರೂಮಿನಲ್ಲಿದ್ದೇವೆ. ಸಿಂಚನ ಪಿಯುಸಿ ಓದುತ್ತಾಳೆ. ಜಾಣೆ, ಮನೆಗೆಲಸ ಮಾಡುತ್ತಾಳೆ, ಎದುರು ಮಾತಾಡುವುದಿಲ್ಲ. ನನ್ನ ಹತ್ತಿರ ವಾದ ಮಾಡುತ್ತಿದ್ದ ಆ ಹುಡುಗಿಯನ್ನು ಆ ಚಳಿಗಾಲದ ಈಚೆಗೆ ನಾನು ಕಂಡಿಲ್ಲ.

ಹೋದ ತಿಂಗಳು ಎದೆ ಹಿಡಿದುಕೊಂಡು ನಾನು ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದ ಮೇಲೆ ಸಿಂಚನ ಒಗೆದ ಬಟ್ಟೆ ಮಡಿಸುತ್ತಾ, ನಾಳೆ ಏನು ಅಡಿಗೆ ಅಂತ ಕೇಳುವ ದನಿಯಲ್ಲಿ ಕೇಳಿದಳು.

"ಅಜ್ಜಿ, ನೀನು ಸತ್ತ ಮೇಲೆ ನಾನು ಯಾರ ಮನೇಲಿರ್ಬೇಕು?"

ಮುಸ್ಸಂಜೆಯೇ ಆಗಿತ್ತು. ನಾನು ಬೈಯಲಿಲ್ಲ. ಇರುವ ನೆಂಟರನ್ನೆಲ್ಲ ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲಿ ನೋಡಿದೆ. ಯಾರೂ ಬಾಗಿಲು ತೆಗೆಯುವಂತೆ ಕಾಣಲಿಲ್ಲ.

"ಗೊತ್ತಿಲ್ಲ ಕಣೆ," ಅಂದೆ.

"ಸರಿ," ಅಂದು ಅವಳು ನನ್ನ ಸೀರೆಗೆ ಇನ್ನೊಂದು ಮಡಿಕೆ ಹಾಕಿದಳು.