ಅಪ್ಪನ ಅಂಗಡಿಯ ಒಂದೇ ಕುರ್ಚಿ

ಕೂದಲಿಲ್ಲದ ಕಡೆಯೂ ಕತ್ತರಿ ಆಡುತ್ತಿರುತ್ತದೆ. ಕ್ಷೌರಿಕನ ಮನೆಯಲ್ಲಿ ಹುಟ್ಟಿದವರಿಗೆ ಇದು ಗೊತ್ತು. ಒಮ್ಮೆ ಕತ್ತರಿಸಿ ಇನ್ನೊಮ್ಮೆ ಕತ್ತರಿಸುವ ನಡುವೆ ಕೈ ಸುಮ್ಮನಿರಲಾರದೆ ಗಾಳಿಯಲ್ಲೇ ಕಚ್ ಕಚ್ ಎನ್ನಿಸುತ್ತದೆ. ಪಟ್ಟಣದ ಹಿಂದವಾಡಿಯ ನಮ್ಮ ಮನೆಯ ಕೆಳಗೆ ಹೊಸದಾಗಿ ಗಾಜಿನ ಬಾಗಿಲಿನ ಸಲೂನ್ ಆಗಿದೆ. ಬೆಳಿಗ್ಗೆ ಚಹಾ ಹಿಡಿದು ಬಾಲ್ಕನಿಯಲ್ಲಿ ನಿಂತರೆ, ಬಾಗಿಲು ತೆರೆದಾಗಲೆಲ್ಲ ಆ ಸದ್ದು ಮೇಲೆ ಬರುತ್ತದೆ, ಅದರ ಬೆನ್ನಿಗೇ ಸಾಬೂನಿನ ನೊರೆಯ ವಾಸನೆ. ಅಷ್ಟು ಸಾಕು, ನಾನು ಖಾನಾಪುರದಾಚೆಯ ನಮ್ಮ ಊರಿನ ಪಡಸಾಲೆಯಲ್ಲಿ ನಿಂತಿರುತ್ತೇನೆ. ನಿಮಗೂ ಇಂಥದೊಂದು ಮನೆ ಇದ್ದೀತು. ಅದರ ಜಾಗದಲ್ಲಿ ಈಗ ಯಾರದೋ ಸಿಮೆಂಟಿನ ಗೋಡೆ ಎದ್ದಿರುತ್ತದೆ, ಆದರೂ ಹೊಸ್ತಿಲು ಎಷ್ಟು ಎತ್ತರವಿತ್ತೆಂದು ಕಾಲಿಗೆ ಇನ್ನೂ ನೆನಪಿರುತ್ತದೆ.

ಆ ಪಡಸಾಲೆಯೇ ಅಪ್ಪನ ಅಂಗಡಿ. ಇದ್ದದ್ದು ಒಂದೇ ಕುರ್ಚಿ, ಎಣ್ಣೆಗೈಗಳು ತಾಗಿ ತಾಗಿ ತೋಳು ಕಪ್ಪಾಗಿದ್ದ ಮರದ ಕುರ್ಚಿ. ಎದುರಿಗೆ ಕನ್ನಡಿ, ಮೊಳೆಗೆ ತೂಗುಬಿಟ್ಟ ಚರ್ಮದ ಪಟ್ಟಿ, ಹಿತ್ತಾಳೆಯ ಬಟ್ಟಲು. ಕೊಬ್ಬರಿ ಎಣ್ಣೆ, ಒದ್ದೆ ಚರ್ಮ, ನೀರಲ್ಲಿ ನೆನೆದ ಕೂದಲು ಎಲ್ಲ ಸೇರಿದ ವಾಸನೆ ನಮ್ಮ ಹಾಸಿಗೆಗೂ ಅಂಟಿತ್ತು. ಸುಗ್ಗಿಯಲ್ಲಿ ರೈತರು ವರ್ಷದ ಕೆಲಸಕ್ಕೆ ಆಯವೆಂದು ಭತ್ತ ಅಳೆದು ಹಾಕುತ್ತಿದ್ದರು, ಕನ್ನಡದಲ್ಲಿ ಶುರುವಾದ ಹರಟೆ ಮರಾಠಿಯಲ್ಲಿ ಮುಗಿಯುತ್ತಿತ್ತು. ಊರಿಗೆಲ್ಲ ಅದೊಂದೇ ಕುರ್ಚಿ, ದಲಿತರ ಕೇರಿಯವರನ್ನು ಬಿಟ್ಟು. ಅವರು ಗುರುತಿಲ್ಲದ ದೊಡ್ಡ ಊರಿಗೆ ಹೋಗಿ ಕೂದಲು ತೆಗೆಸಬೇಕು, ಇಲ್ಲವೇ ತಮ್ಮತಮ್ಮಲ್ಲೇ ಕತ್ತರಿಸಿಕೊಳ್ಳಬೇಕು. ಹೊತ್ತು ಮೂಡುವಷ್ಟೇ ಸಹಜ ಅದು ಎಂದು ನಾನು ತಿಳಿದಿದ್ದೆ. ಕನ್ನಡಿಯ ಮೇಲೆ ಬಸವಣ್ಣನ ಪಟವಿತ್ತು. ಪಟ ಇದ್ದದ್ದು ಊರಿಗೇನೂ ತೊಂದರೆ ಕೊಟ್ಟಿರಲಿಲ್ಲ. ಅಪ್ಪ ಅದನ್ನು ನಂಬಿದ್ದು ತೊಂದರೆಯಾಯಿತು.

ಯಲ್ಲಪ್ಪ ಕಾಕಾ ಕೇರಿಯವನು, ಅಪ್ಪನ ಜೊತೆ ಶಾಲೆ ಕಲಿತವನು. ಮಚ್ಛೆಯ ಕಾರ್ಖಾನೆಯಲ್ಲಿ ಕೆಲಸ, ರಜೆಗೆ ಊರಿಗೆ ಬರುತ್ತಿದ್ದ. ಒಂದು ಸಂಜೆ ಬಂದವನು ಎಂದಿನಂತೆ ಮೆಟ್ಟಿಲ ಕೆಳಗೇ ನಿಂತ. "ನಾಗಪ್ಪಾ, ಬರೂ ರವಿವಾರ ನಿನ್ನ ಕುರ್ಚಿ ಮ್ಯಾಲ ಕುಂದರಾಕ ಬರ್ತೀನಿ. ಕಾಯ್ದೆ ಐತಿ, ಪೊಲೀಸರನ್ನ ಕರಕೊಂಡು ಬಂದ್ರ ನೀ ಮಾಡಬೇಕಾಗತೈತಿ. ನಾ ಹಂಗ ಬರೂದಿಲ್ಲ. ಗೆಳ್ಯಾ ಅಂತ ಬರ್ತೀನಿ. ಆಗೂದಿಲ್ಲ ಅಂದ್ರ ಈಗ ಹೇಳು." ಅಪ್ಪ ಕತ್ತಿ ಮಸೆಯುವುದನ್ನು ನಿಲ್ಲಿಸಿದ. ಆಮೇಲೆ "ಬಾ" ಎಂದ.

ಮಾತು ಬೆಳಗಾಗುವುದರೊಳಗೆ ಸೋದರಮಾವನ ಊರು ಮುಟ್ಟಿತು. ಮಾವ ಅವ್ವನ ಅಣ್ಣ, ಸುತ್ತಲಿನ ಹಳ್ಳಿಗಳ ನಮ್ಮ ಕುಲದವರಿಗೆಲ್ಲ ಹಿರಿಯ. ಅವನ ಮಗನಿಗೇ ನಮ್ಮ ಶಾಂತಕ್ಕನನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಅಕ್ಕನಿಗೆ ಹುಡುಗನ ಮೇಲೆ ಮನಸ್ಸಿತ್ತು. ಅವನು ಬಂದ ದಿನ ಅವಳು ಸುಮ್ಮಸುಮ್ಮನೆ ಎರಡು ಸಲ ಅಂಗಳ ಗುಡಿಸಿದ್ದಕ್ಕೆ ನಾನೇ ಸಾಕ್ಷಿ. ಮಾವ ಹೇಳಿ ಕಳಿಸಿದ: "ನೀ ಮುಟ್ಟಿದ್ರ ಎಲ್ಲಾ ಊರಾಗೂ ನಮ್ಮವರ ಆಯ ನಿಲ್ಲತೈತಿ. ನಮ್ಮ ಹೊಟ್ಟಿ ಮ್ಯಾಲ ಹೊಡಿಬ್ಯಾಡ. ಹೊಡದ್ರ ಮದುವಿ ಇಲ್ಲ." ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ಆ ವಾರ ಅವ್ವ ತಟ್ಟೆ ಇಡುವಾಗಲೆಲ್ಲ, "ಮಗಳ ಮದುವಿ ಒಂದ್ ಮುಗೀಲ್ರಿ, ಆಮ್ಯಾಲ ಯಾರಿಗರೆ ಮಾಡ್ರಿ" ಎನ್ನುತ್ತಿದ್ದಳು. "ಅವಂಗ ಬಾ ಅಂದೀನಿ" ಎಂಬುದೊಂದೇ ಅಪ್ಪನ ಉತ್ತರ. ಒಳಗೆ ಅಕ್ಕ ಅಕ್ಕಿ ಕೇರುತ್ತಿದ್ದ ಮೊರದ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ರವಿವಾರ ಮೊದಲ ಬಸ್ಸಿಗೇ ಮಾವ ಬಂದಿಳಿದ. ಚಹಾ ಕೂಡ ಕುಡಿಯದೆ ನೇರವಾಗಿ ಹೋಗಿ ಆ ಕುರ್ಚಿಯಲ್ಲಿ ಕುಳಿತು, "ಗಡ್ಡ ಮಾಡು" ಎಂದ. ಬಂದ ಬೀಗರನ್ನು ಏಳಿ ಎನ್ನಲಾದೀತೆ? ಅವನು ಎದ್ದರೆ ತಾನೇ ಇನ್ನೊಬ್ಬ ಕೂರುವುದು! ಹೊರಗೆ ಜನ ಸೇರತೊಡಗಿದ್ದರು. ನಾನೂ ಅವ್ವನೂ ನಡುಮನೆಯ ಬಾಗಿಲಲ್ಲಿ ನಿಂತಿದ್ದೆವು. ಅಪ್ಪ ನೊರೆ ಹಚ್ಚಿ, ಅವಸರವಿಲ್ಲದೆ ಬಲಗೆನ್ನೆ ಕೆರೆಯುತ್ತಿದ್ದಾಗ ಯಲ್ಲಪ್ಪ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಅಂಗಳದಲ್ಲಿ ನಿಂತ. ಬಲಗೆನ್ನೆ ಮುಗಿಯಿತು. ಅಪ್ಪ ಕತ್ತಿ ಒರೆಸಿದ. "ಅಣ್ಣಾರ, ಉಳಿದದ್ದು ಯಲ್ಲಪ್ಪಂದು ಆದಮ್ಯಾಲ ಮಾಡ್ತೀನಿ. ಸ್ವಲ್ಪ ಬಾಜು ಕುಂದರ್ರಿ."

ನಮ್ಮ ಕಸುಬಿನವರು ವೈರಿಗೂ ಅರ್ಧ ಕ್ಷೌರ ಮಾಡಿ ಬಿಡುವುದಿಲ್ಲ. ಆ ಮುಖ ಹೊತ್ತು ಮಾವ ಬೀದಿಗಿಳಿಯಲಾರ, ಬಾಜು ಕೂರುತ್ತಾನೆ, ಯಲ್ಲಪ್ಪನದು ಮುಗಿಯುತ್ತದೆ, ಮುಂದೆ ಮದುವೆಯ ಚಪ್ಪರದಲ್ಲಿ ಇದನ್ನೇ ನೆನೆದು ಎಲ್ಲರೂ ನಗುತ್ತಾರೆ ಎಂದು ಅಪ್ಪ ಎಣಿಸಿದ್ದಿರಬೇಕು. ಗೋಲಿ ಗೆದ್ದ ಹುಡುಗನ ಹಾಗೆ ಅವನ ಮುಖ ಅರಳಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ಹೊರಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಎಲ್ಲವನ್ನೂ ಕೆಡಿಸಿತು. ಮಾವ ಎದ್ದು ನಿಂತ. ಎಡಗೆನ್ನೆಯ ನೊರೆ ಒರೆಸಿಕೊಳ್ಳಲಿಲ್ಲ. ಅವ್ವನ ಕಡೆ ಒಮ್ಮೆ ನೋಡಿ, ಮೆಟ್ಟಿಲಿಳಿದು, ಜನರ ನಡುವೆ ಬಸ್ಸಿನ ಹಾದಿ ಹಿಡಿದ. "ಅಣ್ಣಾರ!" ಎಂದು ಅಪ್ಪ ಒಂದೇ ಸಲ ಕೂಗಿದ. ಮಾವ ತಿರುಗಲಿಲ್ಲ.

"ಇವತ್ತ ಬ್ಯಾಡಂದ್ರ ಹೊಳ್ಳಿ ಹೋಗ್ತೀನಿ" ಎಂದು ಯಲ್ಲಪ್ಪ ಕಾಕಾ ಮೆಲ್ಲಗೆ ಹೇಳಿದ. "ಕುಂದರ್" ಎಂದ ಅಪ್ಪ. ಕತ್ತಿಯನ್ನು ಪಟ್ಟಿಗೆ ಮತ್ತೊಮ್ಮೆ ಎಳೆದ. ಆ ಕತ್ತಿಗೆ ಕಾಕಾ ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ, ತನ್ನ ಕೊರಳು ಕೊಟ್ಟ. ಅಷ್ಟು ಜನ ನಿಂತಿದ್ದರೂ ಕತ್ತಿ ಚರ್ಮದ ಮೇಲೆ ಸರಿಯುವ ಸದ್ದು ಕೇಳುತ್ತಿತ್ತು. ಒಂದು ಹನಿ ರಕ್ತ ಬಂದಿದ್ದರೂ ಅಂದು ಏನಾಗುತ್ತಿತ್ತೋ ಹೇಳಲಾರೆ. ಬರಲಿಲ್ಲ.

ಮದುವೆ ಮುರಿಯಿತು. "ಮುಟ್ಟಿದ್ದಕ್ಕಲ್ಲ, ನನ್ನ ಮುಖ ಅರ್ಧಕ್ಕ ಬಿಟ್ಟದ್ದಕ್ಕ" ಎಂದು ಮಾವ ಕಂಡಕಂಡವರ ಮುಂದೆ ಹೇಳಿದನಂತೆ. ಸುಗ್ಗಿಯಲ್ಲಿ ಭತ್ತ ಬರಲಿಲ್ಲ, ನಾವು ಗಂಟುಮೂಟೆ ಕಟ್ಟಿಕೊಂಡು ಪಟ್ಟಣದ ವಡಗಾವಿಗೆ ಬಂದು ಮಗ್ಗಗಳ ಸದ್ದಿನ ನಡುವೆ ಇಕ್ಕಟ್ಟಿನ ಓಣಿಯಲ್ಲಿ ಅಂಗಡಿ ಹಾಕಿದೆವು. ಅಲ್ಲಿಂದ ಅಪ್ಪನ ವಾರದ ರಜೆಗಳೆಲ್ಲ ಖಾನಾಪುರದ ಹಳ್ಳಿಗಳಿಗೆ ಹೋದವು. ಅವನೂ ಯಲ್ಲಪ್ಪ ಕಾಕಾನೂ ಬಸ್ಸು ಹತ್ತಿ, ಕೇರಿಯವರನ್ನು ಕೂರಿಸದ ಅಂಗಡಿಗಳಿಗೆ ಹೋಗಿ ಮಾತಾಡಿ, ಬೈಸಿಕೊಂಡು, ಠಾಣೆ ಮೆಟ್ಟಿಲು ಹತ್ತಿ ಇಳಿದು ಬರುತ್ತಿದ್ದರು. ಎಷ್ಟೋ ಊರುಗಳಲ್ಲಿ ಕುರ್ಚಿ ಎಲ್ಲರದಾಯಿತು. ಅವ್ವ ಹಾಸಿಗೆ ಹಿಡಿದಾಗ ಕೊನೆಯವರೆಗೂ ಅವಳ ತಲೆ ಬಾಚಿ ಜಡೆ ಹಾಕಿದವನೂ ಅಪ್ಪನೇ, ನನ್ನನ್ನು ಓದಿಸಿದವನೂ ಅವನೇ. ಶಾಂತಕ್ಕ ಆಮೇಲೆ ಬಂದ ಸಂಬಂಧಗಳಿಗೆ ಒಲ್ಲೆ ಎಂದು ಹೊಲಿಗೆ ಯಂತ್ರದ ಮುಂದೆ ಕುಳಿತುಬಿಟ್ಟಳು. ಇಡೀ ತಾಲೂಕಿನ ಜೊತೆ ವಾದ ಮಾಡುತ್ತಿದ್ದ ಅಪ್ಪ ಅವಳೆದುರು ಬಂದರೆ "ಊಟ ಆತೇನವಾ?" ಎನ್ನುವುದರಾಚೆ ದಾಟುತ್ತಿರಲಿಲ್ಲ.

ಈ ವರ್ಷ ಮಳೆಗಾಲ ಮುಗಿಯುವಾಗ ಅಪ್ಪ ಹೋದ. ವಡಗಾವಿಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು, ಹಳ್ಳಿಹಳ್ಳಿಗಳಿಂದ ಜನ ಬಂದಿದ್ದರು. ಒಬ್ಬರು ಭಾಷಣದಲ್ಲಿ, ಸಮಾಜಕ್ಕಾಗಿ ಮಗಳ ಬದುಕನ್ನೇ ತ್ಯಾಗ ಮಾಡಿದ ಮಹಾನುಭಾವ ಎಂದರು. ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ಅಕ್ಕ ನನ್ನ ಮುಂಗೈಯನ್ನು ನೋಯುವಷ್ಟು ಬಿಗಿಹಿಡಿದಳು.

ಮನೆಗೆ ಬಂದ ಮೇಲೆ, ಎಲ್ಲರೂ ಹೋಗಿ ಯಲ್ಲಪ್ಪ ಕಾಕಾ ಒಬ್ಬನೇ ಉಳಿದಿದ್ದಾಗ, ಅವಳು ಬಾಯಿಬಿಟ್ಟಳು. "ಆ ವಾರದಾಗ ಅಪ್ಪ ಒಮ್ಮಿ ಒಳಗ ಬಂದು, ಕಾಕಾನ ಕುಂದರಸಲೇನವಾ ಅಂತ ನನ್ನ ಕೇಳಿದ್ರ ಆಗಿತ್ತು. ನಾ ಹೂಂ ಅಂತಿದ್ದೆ. ಖರೇನ ಅಂತಿದ್ದೆ. ಎಲ್ಲಾರ ಸಲುವಾಗಿ ಬಡದಾಡಿದ, ನನಗ ಒಂದ್ ಮಾತ ಕೇಳಲಿಲ್ಲ."

ಕಾಕಾ ಅವಳ ಕಡೆ ತಿರುಗಿದ. "ನಾನೂ ಕೇಳಲಿಲ್ಲ ತಂಗಿ. ನಿನ್ನ ಮದುವಿ ಅದರಾಗ ಸಿಕ್ಕೈತಿ ಅಂತ ಗೊತ್ತಿದ್ದೂ ಹೋಗಿ ಕುಂತೆ."

"ನೀ ಕುಂತದ್ದು ಬರೋಬರಿ ಇತ್ತು ಕಾಕಾ" ಎಂದಳು ಅಕ್ಕ. ಅಷ್ಟು ಹೇಳಿ ಅಳತೊಡಗಿದಳು. ಮದುವೆ ಮುರಿದ ದಿನವೂ ಅತ್ತಿರದ ನನ್ನ ಅಕ್ಕ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತಳು. ಕಾಕಾ ಎದ್ದು ಹೋಗಲಿಲ್ಲ, ಸುಮ್ಮನಿರು ಎನ್ನಲೂ ಇಲ್ಲ. ಅಪ್ಪ ಕೇಳಿಸಿಕೊಳ್ಳಬೇಕಾಗಿದ್ದ ಆ ಅಳುವನ್ನು ಅವನ ಬದಲಿಗೆ ಕುಳಿತು, ಮುಗಿಯುವವರೆಗೂ ಕೇಳಿಸಿಕೊಂಡ.