ನಾಲ್ಕನೇ ಮೇಜಿನ ರಟ್ಟು

ರಟ್ಟಿನ ಮೇಲಿದ್ದ ಆ ಚೌಕದ ಗುರುತು ಅವಳ ತಲೆಯಿಂದ ಇಳಿಯಲೊಲ್ಲದು. ಹೆಬ್ಬೆರಳಗಲದ, ಅಂಚು ಕೊರೆದಿಟ್ಟ ಹಾಗಿದ್ದ ಒಂದು ತಗ್ಗು. ಬೇಡದೆ ಬಿದ್ದಿರುವ ರಟ್ಟಿಗೆ ಅಂಥ ಗುರುತು ಬೀಳುವುದಿಲ್ಲ. ಭಾರವಾದದ್ದೇನೋ ಅದರ ಮೇಲೆ ತುಂಬ ಹೊತ್ತು ಕೂತಿರಬೇಕು.

ಮಗಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳು. ಅಡುಗೆಮನೆಯ ನೆಲದ ಮೇಲೆ ಬೋರಲು ಮಲಗಿ ಅದೇ ರಟ್ಟಿನ ಮೇಲೆ ನೀಲಿ ಬಣ್ಣದ ಕಡ್ಡಿಯಲ್ಲಿ ಮನೆ ಬರೆಯುತ್ತಿದ್ದಳು. ತಗ್ಗಿನ ಜಾಗವನ್ನೇ ಕಿಟಕಿ ಮಾಡಿಕೊಂಡಿದ್ದಳು.

“ಅಮ್ಮಾ, ಕಿಟಕಿ ಮೊದ್ಲೇ ಇತ್ತು ನೋಡು.”

ನೋಡಿದ್ದೇ ತಪ್ಪಾಯಿತು. ಗಡಿಯಾರದಲ್ಲಿ ಆಗ ಒಂದೂ ಮುಕ್ಕಾಲು. ಆ ರಟ್ಟು, ಅದರ ಜೊತೆಗಿನ ಇನ್ನೊಂದು ಚೂರು, ಎರಡೂ ನಲವತ್ತೈದು ನಿಮಿಷದ ಹಿಂದೆ ವರ್ಕ್‌ಶಾಪಿನ ನಾಲ್ಕನೇ ಮೇಜಿನ ಮೇಲಿದ್ದವು. ತೆಗೆದವಳು ಅವಳೇ.

ವರ್ಕ್‌ಶಾಪ್ ಯಾರೊಬ್ಬರದೂ ಅಲ್ಲ. ಹಿಂದೆ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ ಉದ್ದನೆಯ ಕೋಣೆಯನ್ನು ಬಡಾವಣೆಯವರು ಸೇರಿ ತಮ್ಮ ಕೈಕೆಲಸದ ಜಾಗ ಮಾಡಿಕೊಂಡಿದ್ದರು. ಗೋಡೆ ತುಂಬ ಗರಗಸ, ಸುತ್ತಿಗೆ, ಇಕ್ಕಳ. ಮೂಲೆಯಲ್ಲೊಂದು ಡ್ರಿಲ್ಲಿಂಗ್ ಮೆಷಿನ್. ಕಿಟಕಿಯ ಬಳಿ ಎರಡು ಹೊಲಿಗೆ ಯಂತ್ರ. ನಡುವೆ ನಾಲ್ಕು ಮೇಜು. ಯಾರು ಬೇಕಾದರೂ ಬಂದು ಮುರಿದದ್ದನ್ನು ಸರಿಮಾಡಿಕೊಳ್ಳಬಹುದು, ಇಲ್ಲದ್ದನ್ನು ಮಾಡಿಕೊಳ್ಳಬಹುದು. ಎಲ್ಲರ ಜಾಗವಾದ್ದರಿಂದ ಮೇಜು ಖಾಲಿ ಮಾಡುವುದು ಯಾರ ಕೆಲಸವೂ ಆಗಿರಲಿಲ್ಲ.

ಅವಳು ಮೊದಲ ಸಲ ಅಲ್ಲಿಗೆ ಹೋದದ್ದು ಮಗುವಿನ ಮಂಚದ ಚಿಲಕ ಸರಿಮಾಡಿಸಲು. ಮಗಳಿಗೆ ಆಗ ಹನ್ನೊಂದು ತಿಂಗಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮೇಜುಗಳ ಮೇಲೆ ಕಣ್ಣಾಡಿಸಿದಳು. ಮೊಳೆ, ಬ್ಲೇಡು, ಅಂಗಿಯ ಗುಂಡಿಯಷ್ಟು ಬ್ಯಾಟರಿ, ಯಾರದೋ ಕನ್ನಡಕ, ಅರ್ಧ ತಿಂದ ಬಿಸ್ಕತ್ತು. ಇದರ ನಡುವೆ ರೇಡಿಯೊ ರಿಪೇರಿಯ ಮಾವ ಮಾತಿನ ಭರದಲ್ಲಿ ಬಣ್ಣದ ಬ್ರಶ್ಶನ್ನು ಚಹಾದ ಲೋಟಕ್ಕೆ ಅದ್ದಿ, ಟರ್ಪೆಂಟೈನ್ ಇದ್ದ ಲೋಟವನ್ನು ತುಟಿಯವರೆಗೆ ತಂದಿದ್ದರು. ಅವಳು ಕೂಗಿದ ಕೂಗಿಗೆ ಲೋಟ ಕೈಜಾರಿತು, ಮಾವ ಉಳಿದರು. ಅವತ್ತೇ ಅವಳು ಟೊಂಕ ಕಟ್ಟಿ ನಿಂತದ್ದು.

ಖಾಲಿ ಮೇಜು ಅವಳಿಗೆ ಹೊಸದೇನಲ್ಲ. ಚಿಕ್ಕವಳಿದ್ದಾಗ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಬೆಳಿಗ್ಗೆ ಅದರ ಮೇಲೆ ಅಪ್ಪ ಇಸ್ತ್ರಿ ಹಾಕುತ್ತಿದ್ದರು, ಮಧ್ಯಾಹ್ನ ಅಮ್ಮ ಟೈಪು ಮಾಡುತ್ತಿದ್ದರು, ಸಂಜೆ ಅಕ್ಕತಂಗಿಯರ ಓದು. ಒಬ್ಬರು ಎದ್ದರೆ ಮೇಜು ಬೋಳಾಗಿರಬೇಕು, ಇಲ್ಲದಿದ್ದರೆ ಜಗಳ. ಓದು ಮುಗಿಸಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಆರು ವರ್ಷ ಶೀಶೆಗಳಿಗೆ ಚೀಟಿ ಅಂಟಿಸಿದಳು. ಒಂದು ಚೀಟಿಯೂ ತಪ್ಪಲಿಲ್ಲ. ತಪ್ಪಲಿಲ್ಲ ಎಂದು ಅವಳಿಗೆ ಇವತ್ತಿಗೂ ಪೂರ್ತಿ ನಂಬಿಕೆಯಿಲ್ಲ. ಮಗಳು ಹುಟ್ಟಿದ ಮೇಲೆ ಆ ಕೆಲಸ ಬಿಟ್ಟಳು. ಆತಂಕ ಅವಳನ್ನು ಬಿಡಲಿಲ್ಲ.

ವರ್ಕ್‌ಶಾಪಿಗೆ ಅವಳು ತಂದ ಕಾನೂನು ಒಂದೇ. ಮನೆಯ ಹಳೆಯ ಕೆಂಪು ಪರದೆಯನ್ನು ಬೆರಳಗಲದ ಪಟ್ಟಿಗಳಾಗಿ ಹರಿದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಅರ್ಧಕ್ಕೆ ನಿಂತ ಕೆಲಸಕ್ಕೆ ಒಂದು ಪಟ್ಟಿ ಕಟ್ಟಿದರೆ ಅದನ್ನು ಯಾರೂ ಮುಟ್ಟುವಂತಿಲ್ಲ. ಪಟ್ಟಿ ಇಲ್ಲದ್ದು, ಬಾಗಿಲು ಹಾಕುವ ಹೊತ್ತಿಗೆ, ಉಪಯೋಗಕ್ಕೆ ಬರುವಂಥದ್ದಾದರೆ ಮೂಲೆಯ ಮರದ ಪೆಟ್ಟಿಗೆಗೆ, ಬಾರದ್ದಾದರೆ ಕಸದ ಚೀಲಕ್ಕೆ. ಆ ಪೆಟ್ಟಿಗೆಗೆ ‘ಅನಾಥಾಲಯ’ ಎಂದು ಹೆಸರಿಟ್ಟವರು ಮೇಸ್ತ್ರಿ. ಮರಗೆಲಸದಲ್ಲೇ ತಲೆ ನರೆತ ಹಿರಿಯರು. ವರ್ಕ್‌ಶಾಪಿನ ಬೀಗದ ಕೈ ಇರುತ್ತಿದ್ದದ್ದು ಅವರ ಹತ್ತಿರ.

“ಸುಮ್ನೆ ನಿಂತ್ಕೋಬೇಡ್ರಪ್ಪೋ,” ಎನ್ನುತ್ತಿದ್ದರು, “ಪಟ್ಟಿ ಕಟ್ಕೊಳ್ದೆ ನಿಂತ್ರೆ ಮೇಜಮ್ಮ ನಮ್ಮನ್ನೂ ಎತ್ತಿ ಅನಾಥಾಲಯಕ್ಕೆ ಹಾಕ್ಬಿಡ್ತಾಳೆ!”

ಮೇಜಮ್ಮ ಎಂಬ ಹೆಸರು ಹಾಗೆ ಅಂಟಿಕೊಂಡಿತು.

ಒಂದು ಸಲ ಟೈಲರಕ್ಕ ಜಗಳಕ್ಕೇ ಬಂದಿದ್ದಳು.

“ಬಟ್ಟೆಗೆ ಪಟ್ಟಿ ಕಟ್ಟಿದ್ನಲ್ಲೇ. ಪಕ್ಕದಲ್ಲಿದ್ದ ದಾರದುಂಡೆ ಎಲ್ಲಿ?”

“ದಾರಕ್ಕೆ ಪಟ್ಟಿ ಇತ್ತಾ ಅಕ್ಕಾ? ಯಾವ್ದಕ್ಕೆ ಕಟ್ಟಿರ್ತೀರೋ ಅದಕ್ಕೆ ಮಾತ್ರ.”

“ಆಯ್ತು ಬಿಡು. ನಾಳೆಯಿಂದ ಸೂಜಿಗೊಂದು, ದಾರಕ್ಕೊಂದು, ನನ್ನ ಕುತ್ತಿಗೆಗೊಂದು ಕಟ್ಕೊಂಡು ಕೂರ್ತೀನಿ.”

ಎಲ್ಲರೂ ನಕ್ಕರು. ಕಾನೂನು ಬದಲಾಗಲಿಲ್ಲ. ಮೇಜುಗಳು ಮಾತ್ರ ಪ್ರತಿದಿನ ಬೋಳಾಗಿ, ತೊಳೆದಿಟ್ಟ ತಟ್ಟೆಯ ಹಾಗೆ ಕಾಣತೊಡಗಿದವು. ಮನೆಯಲ್ಲಿ ಕಿರಿಕಿರಿ ಎನಿಸಿಕೊಂಡ ಗುಣ ಅಲ್ಲಿ ಕೆಲಸಕ್ಕೆ ಬರುತ್ತಿತ್ತು.

ತೊಡಕು ಶುರುವಾಗುತ್ತಿದ್ದದ್ದು ಮನೆಗೆ ಬಂದ ಮೇಲೆ. ಬೆಸುಗೆ ಹಾಕುವ ಕಡ್ಡಿಯ ಪ್ಲಗ್ ಕಿತ್ತೆನಾ? ಹಿಂದಿನ ಕಿಟಕಿಗೆ ಚಿಲಕ ಬಿತ್ತಾ? ಹೋದ ತಿಂಗಳು ಹೀಗೆ ಐದು ಸಲ ಮೇಸ್ತ್ರಿಗೆ ಫೋನ್ ಮಾಡಿದ್ದಳು. ಐದನೇ ಸಲ ಅವರು ಊಟ ಅರ್ಧಕ್ಕೆ ಬಿಟ್ಟು, ಉರಿಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಹೋಗಿ ನೋಡಿದರು. ಪ್ಲಗ್ ಕಿತ್ತೇ ಇತ್ತು. ಮರುದಿನ ಎಲ್ಲರೆದುರು, ನಗುನಗುತ್ತಲೇ ಅಂದರು: “ಇನ್ಮೇಲೆ ಹೊಗೆ ಕಂಡ್ಮೇಲೆ ಫೋನ್ ಮಾಡು ತಾಯಿ.” ಅವಳೂ ನಕ್ಕಳು. ಆಮೇಲೆ ಒಂದು ಸಲವೂ ಮಾಡಿರಲಿಲ್ಲ.

ಇವತ್ತು ನಾಲ್ಕನೇ ಮೇಜಿನ ಮೇಲೆ ಇದ್ದದ್ದು ಮೇಸ್ತ್ರಿಯದೇ ಕುರ್ಚಿ. ಅವರ ಹೆಂಡತಿಗೆ ಸೊಂಟದ ಆಪರೇಶನ್ ಆಗಿತ್ತು. ನಾಳೆ ಬೆಳಿಗ್ಗೆ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ತಗ್ಗಾದ ಕುರ್ಚಿಯಲ್ಲಿ ಕೂರಬಾರದು, ಅಲುಗಾಡುವುದರಲ್ಲಂತೂ ಕೂರಲೇಬಾರದು, ಬಿದ್ದರೆ ಮತ್ತೆ ಆಪರೇಶನ್ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಮೇಸ್ತ್ರಿ ಎತ್ತರದ ಕುರ್ಚಿ ಮಾಡಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ, ಎರಡು ಡಬ್ಬಿ ಬೆರೆಸಿ ಕಲಸುವ ನಿಧಾನದ ಅಂಟನ್ನು ಎಲ್ಲ ಜೋಡಣೆಗೂ ಹಾಕಿ, ಕೂರುವ ಹಲಗೆಯ ಮೇಲೆ ನಾಲ್ಕು ಇಟ್ಟಿಗೆ ಹೇರಿ, ಬೆನ್ನಿಗೆ ಕೆಂಪು ಪಟ್ಟಿ ಕಟ್ಟಿದರು. “ಸಂಜೆ ನಾಲ್ಕು ದಾಟ್ಲಿ, ಆಮೇಲೆ ಆನೆ ಎಳೆದ್ರೂ ಬಿಡಲ್ಲ,” ಎಂದು ಹೇಳಿ ಆಸ್ಪತ್ರೆಗೆ ಹೊರಟುಹೋದರು.

ಮಧ್ಯಾಹ್ನ ಬಾಗಿಲು ಹಾಕುವ ಹೊತ್ತು, ಒಂದು ಗಂಟೆಗೆ, ಅವಳು ಮೇಜು ಖಾಲಿ ಮಾಡಿದಳು. ಕುರ್ಚಿಯನ್ನು ಮುಟ್ಟಲಿಲ್ಲ, ಪಟ್ಟಿ ಇತ್ತಲ್ಲ. ಆದರೆ ಗೋಡೆಯ ಕಡೆಯ ಕಾಲಿನ ಬುಡದಿಂದ ಎರಡು ರಟ್ಟಿನ ಚೂರು ಹೊರಗೆ ಚಾಚಿಕೊಂಡಿದ್ದವು. ದಾರದ ಡಬ್ಬಿಯ ರಟ್ಟು. ಅದರ ಮೇಲೆ ಟೈಲರಕ್ಕನ ಕೋಳಿಕಾಲಿನ ಅಕ್ಷರ. ಅಕ್ಕನ ಕಸ ಇಲ್ಲಿಗೂ ಬಂತು ಅಂದುಕೊಂಡು ಎಳೆದಳು. ಸ್ವಲ್ಪ ಬಿಗಿಯಿತ್ತು, ಇನ್ನೊಮ್ಮೆ ಜಗ್ಗಿದಳು, ಬಂತು. ಚೀಲಕ್ಕೆ ಹಾಕುವಷ್ಟರಲ್ಲಿ ಜೊತೆಗಿದ್ದ ಮಗಳು “ನಂಗೆ ಬೇಕು” ಎಂದು ರಾಗ ತೆಗೆದಳು. ಕೊಟ್ಟಳು. ಬಾಗಿಲೆಳೆದು ಬೀಗ ಒತ್ತಿದಳು. ಆ ಬೀಗ ಒತ್ತಿದರೆ ಬೀಳುತ್ತದೆ. ತೆಗೆಯಲು ಮೇಸ್ತ್ರಿಯೇ ಬರಬೇಕು.

ನಾಲ್ಕನೇ ಮೇಜಿನ ಗೋಡೆಯ ಕಡೆಯ ಮೂಲೆ ತಗ್ಗು. ನೀರು ಚೆಲ್ಲಿದರೆ ಅಲ್ಲಿಗೇ ಹರಿಯುತ್ತದೆ. ದಿನಾ ಒರೆಸುವ ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಆ ತಗ್ಗಿಗೆ ಮೇಸ್ತ್ರಿ ರಟ್ಟಿನ ಒತ್ತು ಕೊಟ್ಟು ಕುರ್ಚಿಯನ್ನು ಸಮ ನಿಲ್ಲಿಸಿದ್ದರು. ಈಗ ಇಟ್ಟಿಗೆಯ ಭಾರಕ್ಕೆ ಆ ಕಾಲು ಕೆಳಗಿಳಿದು, ಹಸಿ ಅಂಟು ಹಾಗೇ ಗಟ್ಟಿಯಾಗುತ್ತಿರಬೇಕು. ಸಮ ನೆಲಕ್ಕಿಟ್ಟರೆ ಕುರ್ಚಿ ಅಲುಗಾಡುತ್ತದೆ.

“ರೀ,” ಎಂದಳು. ಗಂಡ ಪಾತ್ರೆ ತೊಳೆಯುತ್ತಿದ್ದ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

“ಮತ್ತೆ ಶುರುವಾಯ್ತಾ?” ಅವನು ತಿರುಗಿ ನೋಡಲಿಲ್ಲ. “ಎರಡು ರಟ್ಟಿಗೆ ಕುರ್ಚಿ ಕೆಡತ್ತಾ? ಹೆಂಡ್ತಿ ಪಕ್ಕ ಕೂತಿರೋ ಮನುಷ್ಯನ್ನ ಎಬ್ಬಿಸಿ ಕರೆಸ್ತೀಯಾ. ಹೋಗಿ ನೋಡಿದ್ರೆ ಏನೂ ಆಗಿರಲ್ಲ.”

“ಆಗಿದ್ರೆ?”

“ಹೋದ ತಿಂಗಳೂ ಐದು ಸಲ ಇದನ್ನೇ ಕೇಳಿದ್ದೆ ಕಣೇ.”

ಅದು ಸುಳ್ಳಲ್ಲ. ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮಗಳ ಕೈಯಿಂದ ರಟ್ಟು ಕೇಳಿ ತೆಗೆದುಕೊಂಡು, ಎರಡನ್ನೂ ಜೋಡಿಸಿ, ಊಟದ ಕುರ್ಚಿಯ ಒಂದು ಕಾಲಿನ ಕೆಳಗೆ ಇಟ್ಟಳು. ಮೇಲೆ ಕೂತಳು. ಕುರ್ಚಿ ಟಕ್ ಎಂದು ಒಂದು ಕಡೆಗೆ ವಾಲಿತು. ಎದ್ದಳು, ಟಕ್. ಮತ್ತೆ ಕೂತಳು, ಟಕ್.

“ಕುದುರೆ! ಅಮ್ಮ ಕುದುರೆ!” ಮಗಳು ಚಪ್ಪಾಳೆ ತಟ್ಟಿದಳು. “ನಾನೂ ಕೂರ್ತೀನಿ!”

ಪಾತ್ರೆಯ ಸದ್ದು ನಿಂತಿತು. ಗಂಡ ಒದ್ದೆ ಕೈಯಲ್ಲೇ ಬಂದು ಕುರ್ಚಿಯ ಬೆನ್ನು ಹಿಡಿದು ಒಮ್ಮೆ ಅಲುಗಿಸಿ ನೋಡಿದ.

ಹಿಂದಿನ ಐದು ಸಲವೂ ತಾನು ಮಾಡಿದ್ದೇನೆಂದು ಅವಳಿಗೆ ನೆನಪಿರಲಿಲ್ಲ. ಕಿತ್ತೆನೋ ಇಲ್ಲವೋ, ಹಾಕಿದೆನೋ ಇಲ್ಲವೋ. ಈ ಸಲ ನೆನಪಿತ್ತು. ರಟ್ಟು ಬಿಗಿಯಾಗಿದ್ದದ್ದು, ಎರಡನೇ ಸಲ ಜಗ್ಗಿದ್ದು, ಎರಡೂ ಇನ್ನೂ ಬೆರಳಲ್ಲಿದ್ದವು.

ಎರಡಕ್ಕೆ ಐದು ನಿಮಿಷವಿತ್ತು. ಅವಳು ಫೋನ್ ತಿರುಗಿಸಿ ನಂಬರ್ ಒತ್ತಿದಳು. ನಾಲ್ಕು ಸಲ ಗಂಟೆಯಾಯಿತು. ಇಟ್ಟುಬಿಡಲೇ ಎಂದುಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಪಿಸುದನಿ ಬಂತು.

“ಏನು ತಾಯಿ, ಹೊಗೆ ಕಂಡ್ತಾ?”

“ಇಲ್ಲ ಮೇಸ್ತ್ರಿಗಳೇ. ನಿಮ್ಮ ಕುರ್ಚಿ ಕಾಲಿನ ಕೆಳಗಿದ್ದ ರಟ್ಟು... ಕಸ ಅಂದ್ಕೊಂಡು ನಾನು ಎಳೆದುಬಿಟ್ಟೆ. ಎರಡನ್ನೂ.”

ಆ ಕಡೆ, ದೂರದಲ್ಲಿ ಯಾವುದೋ ತಳ್ಳುಗಾಡಿಯ ಗಾಲಿಯ ಸದ್ದು ಹಾದುಹೋಯಿತು.

“ಎಷ್ಟೊತ್ತಿಗೆ?”

“ಒಂದು ಗಂಟೆಗೆ.”

“ಹ್ಞೂಂ. ಇನ್ನೂ ಹಸಿ ಇರತ್ತೆ.” ಕುರ್ಚಿ ಸರಿಸಿ ಏಳುವ ಸದ್ದು. ಪಕ್ಕದಲ್ಲಿ ಹೆಂಗಸಿನ ದನಿ ಏನೋ ಕೇಳಿತು. “ಏನಿಲ್ಲ, ನಿನ್ನ ಸಿಂಹಾಸನದ್ದೇ ವಿಚಾರ, ಮಲಗು,” ಎಂದು ಅವರು ಆ ಕಡೆಗೆ ಹೇಳಿ, ಮತ್ತೆ ಫೋನಿಗೆ ಬಂದರು. “ರಟ್ಟು ಎಲ್ಲಿದೆ? ದಪ್ಪ ನೋಡಿ ಆರಿಸಿದ್ದು ತಾಯಿ, ಬೇರೇದು ಆಗಲ್ಲ.”

“ನನ್ನ ಹತ್ರಾನೇ ಇದೆ. ಆದ್ರೆ ಮಗಳು ಅದರ ಮೇಲೆ ಒಂದು ಮನೆ ಬರೆದುಬಿಟ್ಟಿದ್ದಾಳೆ.”

“ಬರೀಲಿ ಬಿಡು. ಬಣ್ಣ ಹಚ್ಚಿದ್ರೆ ದಪ್ಪ ಹೆಚ್ಚಾಗಲ್ಲ. ಹಿಡ್ಕೊಂಡು ವರ್ಕ್‌ಶಾಪ್ ಬಾಗಿಲ ಹತ್ರ ನಿಂತಿರು, ನಾನು ಹೊರಟೆ.”